ಎರಡನೇ ಪಾಳಿಯ ಪಿಯಾನೋ

ಹೆಬ್ಬಗೋಡಿ
14 ಸೆಪ್ಟೆಂಬರ್ 2025

ಪ್ರೀತಿಯ ವೇಣಿ,

ಚೆನ್ನಾಗಿದ್ದೀಯ ಅಂತ ನಂಬಿಕೊಂಡೇ ಶುರು ಮಾಡುತ್ತೇನೆ. ಎಂಟು ತಿಂಗಳು ತಡವಾಯಿತು. ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದು ಸರಿಯೇ, ಆದರೆ ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದೆ. ಯೂನಿಯನ್ನಿನ ಕರಪತ್ರವಾದರೆ ಕೂತ ಕಡೆಯೇ ಬರೆದು ಮುಗಿಸುತ್ತೇನೆ. ಈ ಪತ್ರವನ್ನು ನಾಲ್ಕು ಸಲ ಹರಿದೆ. ನಿನ್ನ ಮೈಸೂರಿನ ವಿಳಾಸ ನಿನ್ನಜ್ಜಿ ಚಿಕ್ಕಮುನಿಯಮ್ಮ ಕೊಟ್ಟರು.

ಬ್ಯಾಂಡ್ ಮುರಿದ ಮೇಲೆ ಬಸು ಡ್ರಮ್ಸ್ ಮಾರಿ ಅತ್ತಿಬೆಲೆಯ ಫ್ಯಾಕ್ಟರಿಗೆ ಸೇರಿದ. ರಕ್ಷಿತಾ ಬೊಮ್ಮನಹಳ್ಳಿಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾಳೆ. ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಿ, "ಏನ್ ಗುರು, ಕ್ರಾಂತಿ ಎಲ್ಲಿವರೆಗೆ ಬಂತು? ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟ್ತಾ?" ಅಂದಳು. ನಗಲು ನೋಡಿದೆ, ಆಗಲಿಲ್ಲ.

ನಮ್ಮ 'ಎರಡನೇ ಪಾಳಿ' ಬ್ಯಾಂಡ್ ಇನ್ನೂ ತಲೆಯೊಳಗೆ ಬಾರಿಸುತ್ತಲೇ ಇದೆ. ಮೂರೇ ನಿಮಿಷದ ಹಾಡು, ನಾಲ್ವರೂ ಕೂಗುವ ಪಲ್ಲವಿ, ಎಲ್ಲರಿಗಿಂತ ಮುಂದೆ ಕುಣಿಯುತ್ತ ಓಡುವ ನಿನ್ನ ಪಿಯಾನೋ. "ನಮ್ಮಪ್ಪ ಅಮ್ಮ ಲವ್ ಮಾಡ್ತಿದ್ದ ಕಾಲದ ಸೌಂಡು ಮಗಾ" ಅನ್ನುತ್ತಿದ್ದ ಬಸು. ಅದರೊಳಗೆ ನಾನು ಕಂಪನಿ ಬಸ್ಸು, ಗೇಟು, ಓವರ್‌ಟೈಮು ತುರುಕುತ್ತಿದ್ದೆ. ನಿನ್ನ ದೊಡ್ಡಮುನಿಯಪ್ಪ ತಾತ ದುಡಿದ ದಂಡು ಪ್ರದೇಶದ ಪಿಯಾನೋ ಅಂಗಡಿಯವರು ಅಂಗಡಿ ಮುಚ್ಚುವಾಗ ಆ ಹಳೇ ಪಿಯಾನೋ ತಾತನಿಗೆ ಬಿಟ್ಟುಕೊಡದಿದ್ದರೆ ನಾವು ಬ್ಯಾಂಡೇ ಆಗುತ್ತಿರಲಿಲ್ಲ.

ನಮ್ಮನ್ನು ಬಾರಿಸಲು ಕರೆದಿದ್ದ ಆ ಕಂಪನಿಯ ವಾರ್ಷಿಕೋತ್ಸವಕ್ಕೆ ಅದನ್ನು ಟೆಂಪೋದಲ್ಲಿ ಸಾಗಿಸಿದ ದಿನ ತಾತ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದರು. "ನಲವತ್ತು ವರ್ಸ ಬ್ಯಾರೇವ್ರ ಪಿಯಾನೋ ಸ್ರುತಿ ಮಾಡಿ ಇಂದ್ಗಡೆ ಬಾಗ್ಲಾಗೆ ಆಚೆ ಬಂದೋನು. ಇವತ್ತು ಮುಂದೆ ಕುಂತ್ಕಂಡು ಕೇಳ್ತೀನಿ" ಅಂದರು.

ಆ ವಾರ ಅಲ್ಲಿ ಹನ್ನೊಂದು ಜನ ಹೌಸ್‌ಕೀಪಿಂಗ್ ಹೆಂಗಸರನ್ನು ತೆಗೆದಿದ್ದಾರೆ ಅಂತ ವೇದಿಕೆಯ ಹಿಂದೆ ಗೊತ್ತಾಯಿತು. ನಾವು ಬಾರಿಸಬಾರದು ಅಂತ ನಾನು ಕೂಡಲೇ ಮತಕ್ಕೆ ಹಾಕಿದೆ. ಬಹುಮತಕ್ಕೆ ಎಲ್ಲರೂ ಬದ್ಧರು ಅನ್ನುವ ನಿಯಮ ಬ್ಯಾಂಡಿಗೆ ತಂದವನೂ ನಾನೇ. "ಕೊಟ್ರೇಶ, ತಾತ ಮುಂದೇನೇ ಕೂತಿದ್ದಾರೆ ಕಣೋ" ಅಂದೆ ನೀನು. "ತಾತನಿಗೆ ಇನ್ನೊಂದು ದಿನ ಕೇಳಿಸಿದ್ರಾಯ್ತು" ಅಂದೆ ನಾನು. ಮೂರು ಕೈ ಎದ್ದವು. ನೀನು ಪಿಯಾನೋ ಮುಚ್ಚಿದೆ.

ನಮ್ಮ ಜಾಗದಲ್ಲಿ ಡಿಜೆ ಹಾಕಿದರು. ಕೆಲಸ ಕಳೆದುಕೊಂಡವರಲ್ಲಿ ಒಬ್ಬರಾದ ಭಾಗ್ಯಮ್ಮನಿಗೆ ನಮ್ಮ ಬಹಿಷ್ಕಾರದ ವಿಷಯ ಹೆಮ್ಮೆಯಿಂದ ಹೇಳಲು ಹೋದೆ. "ಅಯ್ಯೋ, ನಿಲ್ಸಿ ಅಂತ ಯಾರ್ ಹೇಳಿದ್ರು ಸಾರ್? ಬಾರಿಸ್ಬಿಟ್ಟು ಮೈಕಲ್ಲಿ ನಮ್ ಹೆಸ್ರು ಹೇಳ್ಬೋದಿತ್ತಲ್ಲ" ಅಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಮಾಲೀಕರ ವೇದಿಕೆಯ ಬಗ್ಗೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಆ ದಿನ ಮಾಡಿದ್ದು ತಪ್ಪು. ನಿನ್ನ ಬೆರಳುಗಳಿಗೆ ಒಳ್ಳೆಯದಾಗಲಿ. ಯಾರ ಮತವನ್ನೂ ಕೇಳದೆ ನುಡಿಸು.

ನಿನ್ನ
ಕೊಟ್ರೇಶ್

ತಾ.ಕ.: ಮಡಿಸಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ನೀನು ಮನೆಯಲ್ಲಿರಲಿಲ್ಲ. ತಾತ ಶ್ರುತಿ ನೋಡುವ ಟ್ಯೂನಿಂಗ್ ಫೋರ್ಕ್, ಆ ಕಬ್ಬಿಣದ ಕವಲನ್ನು ಕಿವಿಗೆ ಹಿಡಿಯದೆ ಹಲ್ಲಲ್ಲಿ ಕಚ್ಚಿಕೊಂಡಿದ್ದರು. ಯಾಕೆಂದು ಕೇಳಿದೆ. "ಕಿವಿ ಓಗ್ತಾ ಐತೆ ಕಣಪ್ಪಾ. ಉಗಾದಿಗಂಟ ಇರಾಕಿಲ್ಲ ಅಂದವ್ರೆ ಡಾಕ್ಟ್ರು. ವೇಣಿಗೆ ಏಳ್ಬ್ಯಾಡ, ಬಾರಿಸ್ವಾಗ ಅವ್ಳ ಕೈ ನಡುಗ್ತದೆ" ಅಂದರು. ಇನ್ನೊಂದು ದಿನ ಇಲ್ಲ ಅಂತ ಗೊತ್ತಿದ್ದೇ ನಾನು ಹಾಗಂದೆ. ಬಾಯಿ ಬಿಟ್ಟಿದ್ದರೆ ಬಸು, ರಕ್ಷಿತಾ ಕೈ ಎತ್ತುತ್ತಿರಲಿಲ್ಲ. ಮತದಲ್ಲಿ ಸೋಲುತ್ತಿದ್ದೆ.

ಈಗ ತಾತನಿಗೆ ಏನಿದ್ದರೂ ಬರೆದು ತೋರಿಸಬೇಕು. ಕಳೆದ ಭಾನುವಾರ, "ಆವತ್ತು ಯಾಕಪ್ಪಾ ಬಾರಿಸ್ಲಿಲ್ಲ?" ಅಂತ ಕೇಳಿದರು. "ಮೈಕು ಕೆಟ್ಟಿತ್ತು" ಅಂತ ಬರೆದು ಕೊಟ್ಟೆ. ಅವರು ಚೀಟಿಯನ್ನು ಓದಿ, ಮಡಿಸಿ, ಪಿಯಾನೋ ಮೇಲಿಟ್ಟರು.

"ಪಿಯಾನೋಗೆ ಮೈಕ್ ಯಾತಕ್ಕಪ್ಪಾ?" ಅಂದರು.