ಬೆಕ್ಕಿನ ಕಫನ್

ಎಲೋ ಚಮನಸಾಬ, ಅಕ್ಕನ ಫೋನು ಬಂದರೆ ಕಿವುಡನಾಗುತ್ತೀಯಲ್ಲ, ಅದಕ್ಕೇ ಈ ಕಾರ್ಡು. ಅಂಚೆಯವನೂ ಓದಲಿ! ಸಲಾಮು.

ಸತ್ತ ನನ್ನ ಬೆಕ್ಕಿಗೆ ಬಿಳಿ ಬಟ್ಟೆ ಸುತ್ತಿ ಬೇವಿನ ಬುಡದಲ್ಲಿ ಹೂಳಿದಾಗ, ‘ಬೆಕ್ಕಿಗೂ ಕಫನ್ ಏನಬೇ ಅಕ್ಕಾ?’ ಎಂದು ನೀನು ಓಣಿಗೆಲ್ಲ ಕೇಳುವಂತೆ ನಕ್ಕಿದ್ದೆ. ಈಗ ಅಲ್ಲೇ ಪಾಯಖಾನೆ ಗುಂಡಿ ತೋಡುತ್ತೀಯಂತೆ.

ಕೇಳಿಲ್ಲಿ. ಮೊಮ್ಮಗಳು ನಿಖತ ಓದುವುದೇ ಇದನ್ನು! ಈಜಿಪ್ತಿನವರು ಸಾವಿರಾರು ವರ್ಷದ ಹಿಂದೆ ದೇವರ ಹೆಸರಲ್ಲಿ ಬೆಕ್ಕುಗಳಿಗೆ ಬಟ್ಟೆ ಸುತ್ತಿ ಹೂಳುತ್ತಿದ್ದರಂತೆ. ನಿನ್ನೆ ಕುರ್ಲಾದ ಮನೆಯಿಂದ ಲೋಕಲ್ ರೈಲಿನಲ್ಲಿ ತನ್ನ ಕಾಲೇಜಿಗೆ ಕರೆದೊಯ್ದು ಅಂಥ ಗಂಟುಗಳ ಎಕ್ಸ್‌ರೇ ತೋರಿಸಿದಳು. ಒಂದು ಗಂಟಿನಲ್ಲಿ ಬೆಕ್ಕು ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದೆ. ಇನ್ನೊಂದರಲ್ಲಿ ಬರೀ ಚಿಂದಿ! ಆಗಲೂ ನಿನ್ನಂಥ ಠಕ್ಕರಿದ್ದರು ನೋಡು.

‘ನಾನೂ ನನ್ನ ಬೆಕ್ಕಿನ ಬಾಲ ಹಾಗೇ ಮಡಚೀನಿ’ ಎಂದೆ. ಅವಳ ಮೇಡಂ ಕುರ್ಚಿ ಕೊಟ್ಟು, ‘ಬಟ್ಟೆ ಹೇಗೆ ಸುತ್ತಿದಿರಿ, ನಾನಿ?’ ಎಂದು ಕೇಳಿ ಬರೆದುಕೊಂಡಳು. ನಿಖತಳ ಹಲ್ಲು ಮುಚ್ಚಲೇ ಇಲ್ಲ. ನನ್ನವೂ, ಉಳಿದಷ್ಟು.

ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮೊಣಕಾಲು ಹಿಡಿದಿದೆ, ಎಣ್ಣೆ ಹಚ್ಚಿದ್ದೇನೆ.

ಬೇವಿನ ಬುಡಕ್ಕೆ ಗುದ್ದಲಿ ತಾಗಿದರೆ ಮೇಡಂನನ್ನೇ ಕರೆದುಕೊಂಡು ಬರುತ್ತೇನೆ. ಗುಂಡಿ ಕೋಳಿಗೂಡಿನ ಹಿಂದೆ ತೋಡಿದೆ ಎಂದು ಮುಂದಿನ ತಿಂಗಳು ಹುಟ್ಟುವ ಮೊದಲೇ ಬರೆ.

ಬೀಬೀಜಾನ