ಹೆಬ್ಬೆರಳಿನ ಬುಡದಲ್ಲಿ

ದೊಡ್ಡಮ್ಮ,

ಆಸ್ಪತ್ರೆಯಿಂದ ನಿನ್ನನ್ನು ಮನೆ ಬಾಗಿಲಿಗೆ ಬಿಟ್ಟು ಈಗಷ್ಟೇ ಬಂದೆ. ಇದನ್ನೆಲ್ಲ ಎದುರಿಗೇ ಹೇಳಿದ್ದರೆ ನೀನು ನಕ್ಕು, ಊಟ ಆಯ್ತಾ ಎಂದು ಮಾತು ತಿರುಗಿಸುತ್ತಿದ್ದೆ. ಅದಕ್ಕೇ ಕಾಗದ.

ಮೊದಲು, ಹೋದ ವಾರ ಕಂಡ ಆ ಡಾಕ್ಟರ ವಿಷಯ. ಎಕ್ಸ್‌ರೇ ಬೆಳಕಿಗೆ ಹಿಡಿದು, ಇಷ್ಟು ವರ್ಷ ಹೊಲಿಗೆಯ ಕತ್ತರಿ ಹಿಡಿದು ನಿನ್ನ ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಎಂದರು. ಅಷ್ಟಕ್ಕೇ ಬಿಡಬಹುದಿತ್ತು. ‘ವಯಸ್ಸಾಯ್ತಲ್ಲ, ಇನ್ನೂ ಕತ್ತರಿ ಹಿಡಿದು ಏನಾಗ್ಬೇಕು ನಿಮಗೆ’ ಎಂದೂ ಸೇರಿಸಿದರು. ನೀನು ನಕ್ಕೆ. ನನಗೆ ಮೈ ಉರಿಯಿತು. ಅವರು ತೊಟ್ಟಿದ್ದ ಕೋಟೂ ಯಾರದೋ ಹೆಬ್ಬೆರಳಿನ ದುಡಿಮೆಯೇ ಅಲ್ಲವೇ?

ಫಿಸಿಯೋಥೆರಪಿಯ ಹುಡುಗಿ ಹಾಗೆನ್ನಲಿಲ್ಲ. ಸವೆದದ್ದನ್ನು ಮತ್ತೆ ತುಂಬೋಕಾಗಲ್ಲ, ಆದರೆ ನೋವು ಇಳಿಸಬಹುದು, ಕತ್ತರಿಯನ್ನೂ ಹಿಡಿಸಬಹುದು ಎಂದಳು. ಒಂದು ಕೈಯಲ್ಲಿ ನಿನ್ನ ಮಣಿಕಟ್ಟು ಹಿಡಿದು, ಇನ್ನೊಂದರಿಂದ ಹೆಬ್ಬೆರಳಿನ ಬುಡವನ್ನು ತುಸುವೇ ಎಳೆದು, ಅತ್ತಿತ್ತ ಜಾರಿಸತೊಡಗಿದಳು, ಮಲಗಿದ ಮಗುವಿನ ಕೆಳಗಿಂದ ಬಟ್ಟೆ ಎಳೆಯುವವರ ಹಾಗೆ. ‘ನೋವಾದ ಕೂಡಲೇ ಹೇಳಿ, ನಿಲ್ಲಿಸ್ತೀನಿ’ ಎಂದಳು. ಇಡೀ ಚಿಕಿತ್ಸೆ ನಿಂತಿದ್ದು ಆ ಒಂದು ಮಾತಿನ ಮೇಲೆ.

ನೀನು ಹೇಳಿದ್ದೇನು? ‘ಏನೂ ಇಲ್ಲಮ್ಮ, ನೀನು ಮಾಡು.’

ಸಂಜೆಯ ಹೊತ್ತಿಗೆ ಕೈ ಊದಿ ಲೋಟ ಎತ್ತಲಾಗಲಿಲ್ಲ. ನಾನು ಜಗಳಕ್ಕೆಂದೇ ಅವಳ ಹತ್ತಿರ ಹೋದೆ. ಅವಳ ಮುಖ ಬಾಡಿಹೋಯಿತು. ‘ಅವರ ಮಾತು ನಂಬಿ ಮುಂದಕ್ಕೆ ಹೋದೆ. ಮುಂದಿನ ಸಲವೂ ಹೀಗೇ ಆದ್ರೆ ನಾನು ಮುಟ್ಟಲ್ಲ. ಪಟ್ಟಿ ಕಟ್ಟಿ ಕತ್ತರಿ ಬಿಡಿಸೋದೇ ವಾಸಿ’ ಎಂದಳು. ಅಂದರೆ ನಿನ್ನ ಹೊಲಿಗೆ ಅಂಗಡಿಗೆ ಬೀಗ. ಬಂದು ನಿನ್ನನ್ನು ಕೇಳಿದರೆ ನೀನು, ‘ಪಾಪ ಕಣೋ, ಅಷ್ಟು ಮುತುವರ್ಜಿಯಿಂದ ಮಾಡ್ತಿದ್ಲು. ನೋವು ಅಂದ್ರೆ ಬೇಜಾರ್ ಮಾಡ್ಕೋತಾಳೆ’ ಎಂದೆ.

ಬೇಜಾರು! ಬೆಳಗಾಗುವುದರೊಳಗೆ ಬಟ್ಟೆ ಬೇಕೆಂದವರಿಗೆ ಬೇಜಾರಾಗಬಾರದು, ದೊಡ್ಡಪ್ಪನಿಗಾಗಬಾರದು, ಕೊನೆಗೆ ನೋವು ಕಳೆಯಲೆಂದೇ ಕೂತವಳಿಗೂ ಆಗಬಾರದು. ದೊಡ್ಡಮ್ಮನಿಗೆ ಏನೂ ಆಗಲ್ಲ ಎಂದು ನಮ್ಮ ಮನೆಯಲ್ಲಿ ಹೊಗಳಿಕೆಯಂತೆ ಹೇಳುತ್ತಿದ್ದರು. ಅದು ಹೊಗಳಿಕೆಯಲ್ಲ, ಕೇಳಿ ನೋಡದವರ ಸೋಮಾರಿತನ.

ಇವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನ ತಲೆ ತಿಂದೆ. ನೀನು ಕಿಟಕಿಯತ್ತ ತಿರುಗಿ, ‘ಸುಮ್ನಿರು, ಕೈಗಿಂತ ನಿನ್ನ ಬಾಯೇ ಜಾಸ್ತಿ ನೋಯ್ಸುತ್ತೆ’ ಎಂದೆ. ನೋಯುತ್ತದೆ ಎಂದು ನನಗೊಬ್ಬನಿಗಾದರೂ ಹೇಳಿದೆಯಲ್ಲ.

ಆ ಹುಡುಗಿಯ ಕೋಣೆಯಲ್ಲಿ ನಾನು ಗೋಡೆಗೊರಗಿ ನಿಂತಿದ್ದೆ. ಅವಳು ಎಳೆದಳು, ಜಾರಿಸಿದಳು. ನಿನ್ನ ದವಡೆ ಬಿಗಿಯಿತು. ಮತ್ತೆ ಅದೇ ‘ಏನೂ ಇಲ್ಲಮ್ಮ’ ಎಂದುಕೊಂಡೆ ನಾನು.

‘ಅಲ್ಲಿ... ಅಲ್ಲಿ ನೋಯ್ತಿದೆ. ಬಿಡು.’

ಅವಳ ಬೆರಳು ಅಲ್ಲೇ ಸಡಿಲವಾಯಿತು. ಹುಬ್ಬು ಗಂಟಿಕ್ಕಲಿಲ್ಲ, ನಿಟ್ಟುಸಿರಿಲ್ಲ. ‘ಸರಿ, ಇದಕ್ಕಿಂತ ಈಚೆಗೇ ಇರೋಣ’ ಎಂದು ಮತ್ತೆ ಶುರುಮಾಡಿದಳು. ನೀನು ಹೆಬ್ಬೆರಳನ್ನು ನೋಡಲಿಲ್ಲ, ಅವಳ ಮುಖ ನೋಡಿದೆ. ಹೇಳಿದರೆ ನಿಲ್ಲಿಸುವವರೂ ಇದ್ದಾರೆಯೇ ಎಂಬ ಬೆರಗು ನಿನ್ನ ಕಣ್ಣಲ್ಲಿತ್ತು. ಅದನ್ನು ಕಂಡಾಗಿನಿಂದ ನನ್ನ ಸಿಟ್ಟಿಗೆ ನೀನೊಬ್ಬಳು ಸಾಲುತ್ತಿಲ್ಲ. ಇಷ್ಟು ವರ್ಷ ನಿನ್ನ ಸುತ್ತ ಇದ್ದವರೆಲ್ಲ ಬೇಕು.

ಮುಂದಿನ ಸಲ ನೀನೊಬ್ಬಳೇ ಒಳಗೆ ಹೋಗು, ನಾನು ಹೊರಗೆ ಬೆಂಚಿನ ಮೇಲಿರುತ್ತೇನೆ. ಹರಸುವಷ್ಟು ದೊಡ್ಡವನಲ್ಲ ನಾನು, ಆದರೂ ಹಾರೈಸುತ್ತೇನೆ: ನೋವಾದಾಗ ನಿನ್ನ ದನಿ ಬಾಗಿಲಾಚೆಗೂ ಕೇಳಲಿ.

ಸಿಟ್ಟು ಇನ್ನೂ ಇಳಿಯದ,
ನಿನ್ನ ತಂಗಿಯ ಮಗ