ಒಂದೇ ಸಲ ಕರೆಯುವ ದೆವ್ವ

ಯಲ್ದೂರು, ಭಾನುವಾರ

ತಮ್ಮ ಕಾಂತರಾಜನಿಗೆ,

ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಅದಕ್ಕೇ ಕಾಗದ. ನೀನು ನರಸಾಪುರದ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದು, ಎರಡು ವರ್ಷ ಕೂತು ಒಬ್ಬನೇ ಮಾಡಿದ ದೆವ್ವದ ಗೇಮನ್ನು ನಾನು ಆಡಿದೆ. ಗೇಮಿನ ಮಾವಿನ ತೋಪಿನಲ್ಲಿ ದೆವ್ವ ನನ್ನ ಹೆಸರು ಹಿಡಿದು ಕರೆಯಿತು. ನಾನು ಓಗೊಡದೆ ಒಂದು ಗಂಟೆ ಕಾದೆ. ಒಂದು ಎಲೆಯೂ ಅಲುಗಲಿಲ್ಲ. ರೋಸಿಹೋಗಿ ‘ಓ’ ಅನ್ನುವ ಬಟನ್ ಒತ್ತಿದರೆ ಸತ್ತೇಹೋದೆ!

“ದೆವ್ವ ಒಂದೇ ಸಲ ಕರೆಯೋದು. ಮನುಷ್ಯರಾದ್ರೆ ಮೂರು ಸಲ ಕರೀತಾರೆ, ಆಮೇಲೆ ಓ ಅನ್ನಿ” ಅಂತ ಅಜ್ಜಿ ನಮ್ಮಿಬ್ಬರಿಗೂ ಹೇಳಿರಲಿಲ್ಲವೇನೋ? ಆ ಮಾತು ಕೇಳಿದವರು ಬದುಕುವ ದಾರಿಯನ್ನೇ ನೀನು ಇಟ್ಟಿಲ್ಲ. ಮೊದಲು ಅದನ್ನು ಸರಿಮಾಡು.

ಯುಗಾದಿಯ ದಿನ ನಾವಿಬ್ಬರೂ ಜಗಳವಾಡಿದ ಮೇಲೆ ನೀನು ಎರಡು ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ.

ಇನ್ನೊಂದು ಸಲ ಮಾಡು.

ನಿನ್ನ ಅಕ್ಕ,
ರಂಜಿತ